ಡ್ಯಾಶ್‌ಬೋರ್ಡ್ ಹಿಂದಿನ ಆ ಡಬ್ಬಿ ಕೀಳಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರಿನವಳು. ಎಂಟು ತಿಂಗಳ ಹಿಂದೆ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಂದೆ. 2021ರ ಗಾಡಿ. ಓಡಿಸೋಕೆ ತುಂಬಾ ಚೆನ್ನಾಗಿದೆ. ಆದರೆ ಎರಡು ಸಲ ಬೆಳಗ್ಗೆ ಹೋಗಿ ನೋಡಿದರೆ ಪೂರ್ತಿ ಸತ್ತು ನಿಂತಿತ್ತು. ಹಿಂದಿನ ರಾತ್ರಿ ದೊಡ್ಡ ಬ್ಯಾಟರಿಯಲ್ಲಿ 70 ಪರ್ಸೆಂಟ್ ಚಾರ್ಜ್ ಇತ್ತು, ಆದರೂ ರಿಮೋಟಿಗೆ ಬಾಗಿಲು ಕೂಡ ತೆಗೆಯಲಿಲ್ಲ. ನಮ್ಮದು ಅಪಾರ್ಟ್‌ಮೆಂಟ್, ಗಾಡಿ ನಿಲ್ಲುವುದು ಎರಡನೇ ಬೇಸ್‌ಮೆಂಟಿನಲ್ಲಿ. ಕಳೆದ ತಿಂಗಳು ಇನ್ನೊಂದು ವಿಚಿತ್ರ ಆಯಿತು. ಮಂಡ್ಯದಲ್ಲಿ ಅಮ್ಮನ ಮನೆ ಮುಂದೆ ನಿಲ್ಲಿಸಿದ್ದಾಗ ಎಸಿ ತಾನಾಗಿ ಆನ್ ಆಗಿತ್ತು. ಕೀ ನನ್ನ ಬ್ಯಾಗಿನಲ್ಲೇ ಇತ್ತು. ಗ್ಯಾರೇಜಿನವರು ಹೇಳುವುದು: "ಡ್ಯಾಶ್‌ಬೋರ್ಡ್ ಹಿಂದೆ ಸಿಮ್ ಇರೋ ಒಂದು ಡಬ್ಬಿ ಇದೆ. ಅದೇ ಬ್ಯಾಟರಿ ಕುಡಿಯೋದು, ಅದೇ ನಿಮ್ಮ ಮಾಹಿತಿ ಕಳಿಸೋದು. ಕಿತ್ತು ಹಾಕಿ, ಎರಡೂ ಸರಿಹೋಗುತ್ತೆ." ನಮ್ಮ ಭಾವ ಹೇಳುವುದು: "ಮುಟ್ಟಬೇಡ, 300 ವೋಲ್ಟ್ ಹೊಡೆಯುತ್ತೆ. ಕಿತ್ತರೆ ಗಾಡಿ ಸ್ಟಾರ್ಟೇ ಆಗಲ್ಲ, ವಾರಂಟಿನೂ ಹೋಗುತ್ತೆ." ನಾನು ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಅನ್ನೋದು ಯಾರಿಗೂ ಗೊತ್ತಾಗೋದು ನನಗೆ ಇಷ್ಟ ಇಲ್ಲ. ಸ್ಕ್ರೂಡ್ರೈವರ್ ಹಿಡಿಯೋ ಅಭ್ಯಾಸ ಇದೆ. ನಾನೇ ಕೀಳಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು, 12 ವೋಲ್ಟ್ ಬ್ಯಾಟರಿ ಖಾಲಿಯಾಗುತ್ತಿದೆ. ಇನ್ನೊಂದು, ಗಾಡಿಯ ಮೇಲೆ ಬೇರೆ ಯಾರದ್ದೋ ಕೈ ಇದೆ ಅನ್ನುವ ಅನುಮಾನ. ಗ್ಯಾರೇಜಿನವರು ಎರಡಕ್ಕೂ ಒಂದೇ ಮದ್ದು ಕೊಟ್ಟಿದ್ದಾರೆ. ನಾನು ಎರಡನ್ನೂ ಬಿಡಿಸಿ ನೋಡುತ್ತೇನೆ. ಎರಡನೆಯದನ್ನೇ ಮೊದಲು ತೆಗೆದುಕೊಳ್ಳೋಣ. ಅದಕ್ಕೆ ಇವತ್ತೇ ಮಾಡಬಹುದಾದ, ಕಾಸಿನ ಖರ್ಚಿಲ್ಲದ ಕೆಲಸ ಒಂದಿದೆ.

ಎಸಿ ತಾನಾಗಿ ಆನ್ ಆಗುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಸ್ಕ್ರೀನಿನಲ್ಲಿ ಯಾರೋ ಟೈಮರ್ ಇಟ್ಟಿರುತ್ತಾರೆ, ದಿನಾ ಇಷ್ಟು ಗಂಟೆಗೆ ಕ್ಯಾಬಿನ್ ತಂಪಾಗಲಿ ಅಂತ. ಅದನ್ನು ಮೊದಲು ನೋಡಿ. ಅದಿಲ್ಲ ಅಂದರೆ, ಹಳೆಯ ಮಾಲೀಕರ ಫೋನಿನಲ್ಲಿ ಆಪ್ ಇನ್ನೂ ನಿಮ್ಮ ಗಾಡಿಗೆ ಅಂಟಿಕೊಂಡಿದೆ. ಅವರು ಬೇಕಂತಲೇ ಮಾಡಿದ್ದಾರೆ ಅಂತಲ್ಲ. ಮನೆಯಲ್ಲಿ ಮಗು ಫೋನ್ ಹಿಡಿದು ಒತ್ತಿರಬಹುದು. ಬೇಸ್‌ಮೆಂಟಿನಲ್ಲಿ ಯಾವತ್ತೂ ಆಗದೆ ಮಂಡ್ಯದಲ್ಲಿ ಬಯಲಲ್ಲಿ ನಿಂತಾಗಲೇ ಆಯಿತು ಅಲ್ವಾ? ಅಲ್ಲಿ ಗಾಡಿಗೆ ನೆಟ್‌ವರ್ಕ್ ಇತ್ತು. ಅದಕ್ಕೇ ನನ್ನ ಅನುಮಾನ ಆಪ್ ಕಡೆ ಜಾಸ್ತಿ.

ಸ್ಕ್ರೀನಿನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ರೀಸೆಟ್ ಮಾಡಿದರೆ ಹಳೆಯ ಫೋನ್ ನಂಬರ್‌ಗಳು, ಹೋದ ಜಾಗಗಳ ಪಟ್ಟಿ ಅಳಿಯುತ್ತವೆ, ಅಷ್ಟೇ. ಈ ಗಾಡಿ ಯಾರ ಖಾತೆಯಲ್ಲಿದೆ ಅನ್ನುವುದು ಕಂಪನಿಯ ಸರ್ವರಿನಲ್ಲಿರುತ್ತದೆ. ಆರ್‌ಸಿ ನಿಮ್ಮ ಹೆಸರಿಗೆ ಬಂದಿದ್ದರೂ ಆ ಸರ್ವರಿಗೆ ಅದು ಗೊತ್ತಾಗುವುದಿಲ್ಲ. ಆರ್‌ಸಿ ಪ್ರತಿ, ಗುರುತಿನ ಚೀಟಿ ತೆಗೆದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ. "ಕನೆಕ್ಟೆಡ್ ಖಾತೆಯನ್ನು ಹಳೆಯ ಮಾಲೀಕರಿಂದ ಬಿಡಿಸಿ" ಅಂತ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಮೇಲ್ ಕೂಡ ಹಾಕಿ. ಎರಡನೇ ಕೀ ಇದ್ದರೆ ಅದು ಎಲ್ಲಿದೆ ಅಂತಲೂ ಕೇಳಿ.

ನಿಮ್ಮ ಆತಂಕವನ್ನು ನಾನು ಹಗುರ ಮಾಡುವುದಿಲ್ಲ. 2016ರ ಫೆಬ್ರವರಿಯಲ್ಲಿ ಟ್ರಾಯ್ ಹಂಟ್ ಅನ್ನುವ ಭದ್ರತಾ ತಜ್ಞರು ಆಸ್ಟ್ರೇಲಿಯಾದಲ್ಲಿ ಕೂತು, ಇಂಗ್ಲೆಂಡಿನಲ್ಲಿ ನಿಂತಿದ್ದ ಗೆಳೆಯನ ನಿಸಾನ್ ಲೀಫ್ ಕಾರಿನ ಎಸಿ ಆನ್ ಮಾಡಿ ತೋರಿಸಿದರು. ಅದಕ್ಕೆ ಪಾಸ್‌ವರ್ಡ್ ಬೇಕಾಗಿರಲಿಲ್ಲ. ಮುಂದಿನ ಗಾಜಿನ ಕೆಳಗೆ ಯಾರು ಬೇಕಾದರೂ ಓದಬಹುದಾದ ವಿಐಎನ್, ಅಂದರೆ ಗಾಡಿಯ ಗುರುತಿನ ಸಂಖ್ಯೆ, ಸಾಕಾಗಿತ್ತು. ಕಂಪನಿ ಆ ಸೇವೆಯನ್ನು ನಿಲ್ಲಿಸಿ ಸರಿಮಾಡಬೇಕಾಯಿತು. 2024ರ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಗುಂಪಿನ ಸಾಫ್ಟ್‌ವೇರ್ ಕಂಪನಿಯಿಂದ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ ಬೀಗವಿಲ್ಲದೆ ಇಂಟರ್‌ನೆಟ್ಟಿನಲ್ಲಿ ಬಿದ್ದಿದ್ದು ಬಯಲಾಯಿತು. ಅರ್ಧಕ್ಕಿಂತ ಜಾಸ್ತಿ ಗಾಡಿಗಳದ್ದು ಎಲ್ಲಿ ನಿಂತಿದ್ದವು ಅನ್ನುವ ನಿಖರ ಜಾಗವೂ ಇತ್ತು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಗ್ರಾಹಕರ ಓಡಾಟದ, ಬ್ರೇಕ್ ಹಾಕಿದ ಮಾಹಿತಿಯನ್ನು ಸರಿಯಾದ ಒಪ್ಪಿಗೆ ಇಲ್ಲದೆ ಮಾರಿದೆ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಕ್ರಮ ಕೈಗೊಂಡಿತು. ಇಷ್ಟೆಲ್ಲ ಆಗಿರುವಾಗ ನನ್ನ ಓಡಾಟ ನನ್ನದಾಗಿರಲಿ ಅನ್ನುವುದು ಅತಿಯಾದ ಆಸೆ ಏನಲ್ಲ.

ಈಗ ಆ ಡಬ್ಬಿಯ ವಿಷಯ. ನಾವು ಅದನ್ನು ಟಿಸಿಯು ಅನ್ನುತ್ತೇವೆ, ಟೆಲಿಮ್ಯಾಟಿಕ್ಸ್ ಕಂಟ್ರೋಲ್ ಯುನಿಟ್. ಅಂಗೈ ಅಗಲದ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಪೆಟ್ಟಿಗೆ. ಒಳಗೆ ಒಂದು ಮೊಬೈಲ್ ಮೋಡೆಮ್, ಬೋರ್ಡಿಗೆ ಬೆಸುಗೆ ಹಾಕಿದ ಇ-ಸಿಮ್, ಜಿಪಿಎಸ್ ರಿಸೀವರ್ ಇರುತ್ತವೆ. ಎಷ್ಟೋ ಮಾದರಿಗಳಲ್ಲಿ ಒಂದು ಪುಟ್ಟ ಬ್ಯಾಟರಿಯೂ ಇರುತ್ತದೆ. ಅಪಘಾತದಲ್ಲಿ ಮುಖ್ಯ ಬ್ಯಾಟರಿ ಹೋದರೂ ಎಸ್‌ಒಎಸ್ ಕರೆ ಹೋಗಲಿ ಅಂತ ಅದನ್ನು ಇಟ್ಟಿರುತ್ತಾರೆ. ಕೆಲವು ಗಾಡಿಗಳಲ್ಲಿ ಇದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಕೆಲವದರಲ್ಲಿ ಮೀಟರ್ ಕ್ಲಸ್ಟರ್ ಹಿಂದೆ, ಇನ್ನು ಕೆಲವದರಲ್ಲಿ ಸೀಟಿನ ಕೆಳಗೆ. ಟಚ್‌ಸ್ಕ್ರೀನ್ ಯುನಿಟ್ಟಿನ ಒಳಗೇ ಸೇರಿಸಿದ ಗಾಡಿಗಳೂ ಇವೆ. ನಿಮ್ಮದು ಆ ಜಾತಿಯದಾದರೆ ಕೀಳುವ ಪ್ರಶ್ನೆಯೇ ಇಲ್ಲ. ಕಿತ್ತರೆ ಸ್ಕ್ರೀನೂ ಹೋಗುತ್ತದೆ, ರಿವರ್ಸ್ ಕ್ಯಾಮೆರಾನೂ ಹೋಗುತ್ತದೆ.

ಇದೇ ನಿಮ್ಮ ಬ್ಯಾಟರಿ ಕುಡಿಯುತ್ತಿದೆಯಾ? ಇರಬಹುದು. ಆದರೆ ಅಳೆಯದೆ ಹೇಳುವುದು ತಪ್ಪು.

ಎಲೆಕ್ಟ್ರಿಕ್ ಕಾರಿನಲ್ಲಿ ಎರಡು ಬ್ಯಾಟರಿ. ಕೆಳಗಿರುವ ದೊಡ್ಡದು ಮೋಟರ್ ತಿರುಗಿಸುತ್ತದೆ. ಬಾನೆಟ್ ಒಳಗಿನ ಚಿಕ್ಕದು, ಪೆಟ್ರೋಲ್ ಕಾರಿನಲ್ಲಿರುವಂಥದ್ದೇ 12 ವೋಲ್ಟಿನದು, ಕಂಪ್ಯೂಟರ್, ಲೈಟು, ಬಾಗಿಲು ಎಲ್ಲವನ್ನೂ ನೋಡಿಕೊಳ್ಳುತ್ತದೆ. ದೊಡ್ಡದನ್ನು ಗಾಡಿಗೆ ಜೋಡಿಸುವ ಕಾಂಟ್ಯಾಕ್ಟರ್‌ಗಳು, ಅಂದರೆ ಕರೆಂಟಿನಿಂದ ನಡೆಯುವ ದೊಡ್ಡ ಸ್ವಿಚ್ಚುಗಳು, ಆನ್ ಆಗಬೇಕಾದರೂ ಈ ಚಿಕ್ಕದರಿಂದಲೇ ಕರೆಂಟ್ ಬರಬೇಕು. ಅದಕ್ಕೇ 70 ಪರ್ಸೆಂಟ್ ಚಾರ್ಜ್ ಇದ್ದರೂ ನಿಮ್ಮ ಗಾಡಿ ಕಣ್ಣು ಬಿಡಲಿಲ್ಲ. ಪೆಟ್ರೋಲ್ ಕಾರಿನಲ್ಲಿ ಬ್ಯಾಟರಿ ಮುದಿಯಾದರೆ ಸ್ಟಾರ್ಟರ್ ನರಳುವ ಸದ್ದಿನಲ್ಲೇ ಗೊತ್ತಾಗುತ್ತದೆ. ವಾರ ಹದಿನೈದು ದಿನ ಮೊದಲೇ ನಾವು ಎಚ್ಚೆತ್ತುಕೊಳ್ಳುತ್ತೇವೆ. ಇಲ್ಲಿ ಸ್ಟಾರ್ಟರೇ ಇಲ್ಲ. ನಿನ್ನೆ ಸಂಜೆಯವರೆಗೆ ಎಲ್ಲ ಸರಿ, ಇವತ್ತು ಬೆಳಗ್ಗೆ ಏನೂ ಇಲ್ಲ. ನಿಮ್ಮದು 2021ರ ಗಾಡಿ. ಚಿಕ್ಕ ಬ್ಯಾಟರಿಯನ್ನು ಇಲ್ಲಿಯವರೆಗೆ ಬದಲಿಸಿಲ್ಲ ಅಂದರೆ ಅದರ ಆಯಸ್ಸು ಮುಗಿದಿದೆ ಅಂತಲೇ ನಾನು ಮೊದಲು ಅಂದುಕೊಳ್ಳುತ್ತೇನೆ. ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ, ಹತ್ತು ನಿಮಿಷದ ಕೆಲಸ. ಹೊಸದು ಹಾಕಿಸುವುದಾದರೂ ಅದಕ್ಕೆ ಕೆಲವು ಸಾವಿರ ಸಾಕು. ಒಂದು ಟಿಸಿಯು ಬಿಚ್ಚಿ ಕೆಡಿಸಿಕೊಂಡರೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಬ್ಯಾಟರಿ ಚೆನ್ನಾಗಿದೆ ಅಂತಾದರೆ ಆಗ ಸೋರಿಕೆ ಹುಡುಕಬೇಕು. ನಿಂತ ಗಾಡಿ ಕೂಡ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. 50 ಮಿಲಿ ಆಂಪ್ ಒಳಗಿದ್ದರೆ ನಾವು ಸರಿ ಅನ್ನುತ್ತೇವೆ. ಲೆಕ್ಕ ಹಾಕಿ ನೋಡಿ. 50 ಮಿಲಿ ಆಂಪ್ ಅಂದರೆ ದಿನಕ್ಕೆ 1.2 ಆಂಪ್ ಅವರ್. 40 ಆಂಪ್ ಅವರ್ ಬ್ಯಾಟರಿ ಅರ್ಧಕ್ಕೆ ಬರಲು 16 ದಿನಕ್ಕೂ ಜಾಸ್ತಿ ಬೇಕು. ಅದೇ ಟಿಸಿಯು ನಿದ್ದೆಗೆ ಹೋಗದೆ ಒಟ್ಟು ಎಳೆತ 300 ಮಿಲಿ ಆಂಪ್‌ಗೆ ಏರಿದರೆ ದಿನಕ್ಕೆ 7.2. ಆಗ ಮೂರು ದಿನ ತುಂಬುವ ಮೊದಲೇ ಅರ್ಧ ಖಾಲಿ. ಶುಕ್ರವಾರ ರಾತ್ರಿ ನಿಲ್ಲಿಸಿ ಸೋಮವಾರ ಬೆಳಗ್ಗೆ ಬಂದರೆ ಸುಸ್ತಾದ ಬ್ಯಾಟರಿಯ ಕಥೆ ಅಲ್ಲಿಗೆ ಮುಗಿಯುತ್ತದೆ.

ಟಿಸಿಯು ಯಾಕೆ ನಿದ್ದೆ ಮಾಡುವುದಿಲ್ಲ? ನಿಮ್ಮ ಎರಡನೇ ಬೇಸ್‌ಮೆಂಟ್ ಒಂದು ಕಾರಣ ಆಗಬಹುದು. ಸಿಗ್ನಲ್ ಸಿಗದ ಜಾಗದಲ್ಲಿ ಮೋಡೆಮ್ ಟವರ್ ಹುಡುಕುತ್ತಲೇ ಇರುತ್ತದೆ. ನಿಮ್ಮ ಫೋನ್ ರೈಲಿನಲ್ಲಿ, ಘಾಟಿಯಲ್ಲಿ ಬೇಗ ಬ್ಯಾಟರಿ ಕಳೆದುಕೊಳ್ಳುತ್ತದಲ್ಲ, ಹಾಗೆ. ಒಳ್ಳೆಯ ಸಾಫ್ಟ್‌ವೇರ್ ಇದ್ದರೆ ಕೆಲವು ಸಲ ಹುಡುಕಿ ಮಲಗುತ್ತದೆ. ಹಳೆಯ ಸಾಫ್ಟ್‌ವೇರ್ ಇದ್ದರೆ ಮಲಗದೆ ಇರಬಹುದು. ಇನ್ನೊಂದು ಕಾರಣ ನಮ್ಮ ಕೈಯಲ್ಲೇ ಇದೆ. ಆಪ್ ತೆಗೆದು ಚಾರ್ಜ್ ಎಷ್ಟಿದೆ ಅಂತ ನೋಡಿದಾಗಲೆಲ್ಲ ಗಾಡಿಯ ಹಲವು ಕಂಪ್ಯೂಟರ್‌ಗಳು ಎದ್ದು ಕೆಲವು ನಿಮಿಷ ಎಚ್ಚರ ಇರುತ್ತವೆ. ದಿನಕ್ಕೆ ಇಪ್ಪತ್ತು ಸಲ ನೋಡುವವರಿದ್ದಾರೆ. ನಿಮ್ಮ ವಿಷಯದಲ್ಲಿ ಹಳೆಯ ಮಾಲೀಕರ ಆಪ್ ಕೂಡ ಹಿಂದಿನಿಂದ ಅದನ್ನೇ ಮಾಡುತ್ತಿರಬಹುದು. ಖಾತೆ ಬಿಡಿಸಿದರೆ ಎರಡೂ ತೊಂದರೆ ಒಟ್ಟಿಗೆ ಹೋದರೂ ನನಗೆ ಆಶ್ಚರ್ಯ ಇಲ್ಲ.

ಕಳ್ಳ ಬೇರೆ ಕಡೆಯೂ ಇರಬಹುದು. ಡ್ಯಾಶ್ ಕ್ಯಾಮ್, ಒಬಿಡಿ ಪೋರ್ಟಿನಲ್ಲಿ (ದೋಷ ನೋಡಲು ಸ್ಕ್ಯಾನರ್ ಹಾಕುವ ಜಾಗ) ಸಿಕ್ಕಿಸಿ ಮರೆತ ಬ್ಲೂಟೂತ್ ಡಾಂಗಲ್, ಹೊರಗಡೆ ಹಾಕಿಸಿದ ಆಂಪ್ಲಿಫೈಯರ್. ಕೆಲವು ಸಲ ಡಬ್ಬಿಗೂ ಸೋರಿಕೆಗೂ ಸಂಬಂಧವೇ ಇರುವುದಿಲ್ಲ, ಚಿಕ್ಕ ಬ್ಯಾಟರಿಯನ್ನು ತುಂಬಿಸುವ ಭಾಗವೇ ಕೆಟ್ಟಿರುತ್ತದೆ. 2024ರಲ್ಲಿ ಹ್ಯುಂಡೈ ನಮ್ಮ ದೇಶದಲ್ಲಿ 1,744 ಐಯಾನಿಕ್ 5 ಕಾರುಗಳನ್ನು ವಾಪಸ್ ಕರೆಸಿದ್ದು ಇಂಥ ಕಾರಣಕ್ಕೇ. ಚಾರ್ಜಿಂಗ್ ಕಂಟ್ರೋಲ್ ಯುನಿಟ್ಟಿನ ದೋಷದಿಂದ 12 ವೋಲ್ಟ್ ಬ್ಯಾಟರಿ ಖಾಲಿಯಾಗುವ ಸಾಧ್ಯತೆ ಇತ್ತು. ನಿಮ್ಮ ಗಾಡಿಗೆ ಬಾಕಿ ಇರುವ ರೀಕಾಲ್ ಏನಾದರೂ ಇದೆಯಾ ಅಂತ ವಿಐಎನ್ ಕೊಟ್ಟು ಕೇಳಿ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಆ ಪತ್ರ ಹಳೆಯ ವಿಳಾಸಕ್ಕೆ ಹೋಗಿರುತ್ತದೆ.

ಒಂದು ಗಾಡಿಯ ವಿಷಯ ಹೇಳಲೇಬೇಕು. ಹೋದ ವರ್ಷ ನಿಮ್ಮಂತೆಯೇ ಸೆಕೆಂಡ್ ಹ್ಯಾಂಡ್ ಕಾರು ತಂದವರೊಬ್ಬರು ಬಂದರು. ಕಂಪನಿಯ ಟಿಸಿಯು ಕೀಳಿಸಬೇಕು ಅಂತಲೇ ಬಂದಿದ್ದರು. ವೈರ್ ಬಿಚ್ಚದೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದೆ, 210 ಮಿಲಿ ಆಂಪ್ ತೋರಿಸಿತು. ಟಿಸಿಯು ಕನೆಕ್ಟರ್ ಬಿಡಿಸಿದೆ, 200ರ ಹತ್ತಿರಕ್ಕೆ ಇಳಿದು ಅಲ್ಲೇ ನಿಂತಿತು. ಸ್ಟೀರಿಂಗ್ ಕೆಳಗಿನ ಕವರ್ ತೆಗೆದು ಟಾರ್ಚ್ ಬಿಟ್ಟೆ. ವೈರ್ ಕಟ್ಟಿನ ಮರೆಯಲ್ಲಿ, ಕಪ್ಪು ಟೇಪ್ ಸುತ್ತಿ ಎರಡು ಜಿಪ್ ಟೈ ಬಿಗಿದ ಒಂದು ವಸ್ತು, ಬೆಂಕಿಪೆಟ್ಟಿಗೆಯಷ್ಟು. ಹೊರಗಡೆಯಿಂದ ಹಾಕಿದ ಜಿಪಿಎಸ್ ಟ್ರ್ಯಾಕರ್. ಅದರ ಕೆಂಪು ವೈರನ್ನು ಗಾಡಿಯ ವೈರಿನ ತೊಗಲು ಕೆರೆದು ಸುತ್ತಿದ್ದರು. ಫ್ಯೂಸ್ ಇರಲಿಲ್ಲ. ತೆಗೆದ ಮೇಲೆ ಮೀಟರ್ 30ಕ್ಕೆ ಬಂತು. ಹಳೆಯ ಮಾಲೀಕರು ಸಾಲ ತೀರಿಸಿ ಎಷ್ಟೋ ಕಾಲ ಆಗಿತ್ತು. ಸಾಲ ಕೊಟ್ಟವರು ಹಾಕಿಸಿದ್ದ ಟ್ರ್ಯಾಕರ್ ಅಲ್ಲೇ ಉಳಿದಿತ್ತು. ಫ್ಯೂಸ್ ಇಲ್ಲದ ಆ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದ್ದರೆ ಅಂತ ನೆನೆದರೆ ಈಗಲೂ ಭಯವಾಗುತ್ತದೆ. ಹಾಗಾಗಿ ಟಿಸಿಯು ಕಡೆ ಕೈ ಹಾಕುವ ಮೊದಲು ಇಂಥದ್ದೇನಾದರೂ ಇದೆಯಾ ನೋಡಿ. ಸಿಕ್ಕರೆ ನಿಮ್ಮ ಆರ್‌ಸಿಯಲ್ಲಿ ಹೈಪೋಥಿಕೇಶನ್, ಅಂದರೆ ಸಾಲ ಕೊಟ್ಟವರ ಹೆಸರು, ಉಳಿದಿಲ್ಲ ಅಂತ ಖಚಿತ ಮಾಡಿಕೊಂಡು ಆಮೇಲೆ ತೆಗೆಸಿ.

ಅಳೆಯುವ ಕ್ರಮ ಕಷ್ಟ ಏನಲ್ಲ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು, ಮಿಲಿ ಆಂಪ್ ಹಿಡಿಯುವಂಥದ್ದು. ಬಾನೆಟ್ ತೆರೆದಿಡಿ. ಬಾನೆಟ್ಟಿನ ಲಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ಇಲ್ಲದಿದ್ದರೆ ಗಾಡಿ ಮಲಗುವುದಿಲ್ಲ. ಲಾಕ್ ಮಾಡಿ, ಕೀಯನ್ನು ದೂರ ಇಡಿ, ಆಪ್ ಮುಟ್ಟಬೇಡಿ. 40 ನಿಮಿಷ ಬಿಟ್ಟು ನೆಗೆಟಿವ್ ಕೇಬಲ್ ಮೇಲೆ ಓದಿ. ಫ್ಯೂಸ್ ಒಂದೊಂದೇ ಎಳೆದು ನೋಡುವ ಹಳೆಯ ಪದ್ಧತಿ ಇಲ್ಲಿ ಮೋಸ ಮಾಡುತ್ತದೆ, ಫ್ಯೂಸ್ ಎಳೆದು ಹಾಕಿದ ಕೂಡಲೇ ಮಲಗಿದ್ದ ಕಂಪ್ಯೂಟರ್‌ಗಳು ಎದ್ದುಬಿಡುತ್ತವೆ. ಫ್ಯೂಸಿನ ತಲೆಯ ಮೇಲಿನ ಎರಡು ಚುಕ್ಕೆಗಳ ನಡುವೆ ಮಿಲಿ ವೋಲ್ಟ್ ಅಳೆಯುವುದು ಸರಿಯಾದ ದಾರಿ. ಕರೆಂಟ್ ಹರಿಯುವ ಫ್ಯೂಸ್ ತಾನಾಗಿ ಸಿಕ್ಕಿಬೀಳುತ್ತದೆ.

ನಿಮ್ಮ ಭಾವನ ಮಾತಿಗೆ ಬರೋಣ. ಟಿಸಿಯು ನಡೆಯುವುದು 12 ವೋಲ್ಟಿನಲ್ಲಿ. ಅದನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಕ್ಯಾಬಿನ್ ಒಳಗೆ ಬರೀ 12 ವೋಲ್ಟೇ ಇರೋದು ಅಂತ ಗ್ಯಾರೇಜುಗಳಲ್ಲಿ ಹೇಳುವ ಮಾತನ್ನೂ ನಂಬಬೇಡಿ. ಎಷ್ಟೋ ಎಲೆಕ್ಟ್ರಿಕ್ ಕಾರುಗಳಲ್ಲಿ ಚಳಿಗಾಲದ ಹೀಟರ್ ನೇರವಾಗಿ ದೊಡ್ಡ ಬ್ಯಾಟರಿಯ ವೋಲ್ಟೇಜಿನಲ್ಲೇ ಕೆಲಸ ಮಾಡುತ್ತದೆ. ಆ ಹೀಟರ್ ಇರುವುದು ಡ್ಯಾಶ್‌ಬೋರ್ಡ್ ಹಿಂದಿನ ಎಸಿ ಪೆಟ್ಟಿಗೆಯಲ್ಲಿ. ಅಂದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಅಲ್ಲಿಯವರೆಗೂ ಬಂದಿರಬಹುದು. ಕೆಲವು ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗೆ ಅಥವಾ ನಡುವಿನ ಕನ್ಸೋಲಿನಲ್ಲಿ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಇರುತ್ತದೆ. ನಿಯಮ ಒಂದೇ: ಕಿತ್ತಳೆ ಬಣ್ಣ ಕಂಡಲ್ಲಿ ಕೈ ಹೋಗಬಾರದು, ಸ್ಕ್ರೂಡ್ರೈವರ್ ಹೋಗಬಾರದು. ತರಬೇತಿ, ಇನ್ಸುಲೇಟೆಡ್ ಗ್ಲೌಸು ಇಲ್ಲದೆ ನಾವೂ ಮುಟ್ಟುವುದಿಲ್ಲ.

ನನಗೆ ಅದಕ್ಕಿಂತ ಜಾಸ್ತಿ ಭಯ ಹಳದಿ ಬಣ್ಣದ ಮೇಲೆ. ಹಳದಿ ಕನೆಕ್ಟರ್ ಅಂದರೆ ಏರ್‌ಬ್ಯಾಗ್. ಗ್ಲೋವ್ ಬಾಕ್ಸ್ ಮೇಲೆಯೇ ಪಕ್ಕದ ಸೀಟಿನವರ ಏರ್‌ಬ್ಯಾಗ್ ಕೂತಿರುತ್ತದೆ. ಅದು ಸಿಡಿಯುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಡ್ಯಾಶ್‌ಬೋರ್ಡ್ ಒಳಗೆ ತಲೆ ತೂರಿಸಿ ಕೆಲಸ ಮಾಡುವಾಗ ಅದು ಸಿಡಿದರೆ ಮುಖವೇ ಹೋಗುತ್ತದೆ. ಅದರ ವೈರಿಗೆ ಮಲ್ಟಿಮೀಟರ್ ಹಚ್ಚಿ ಓಮ್ ನೋಡುವ ಕೆಲಸ ಯಾವತ್ತೂ ಮಾಡಬೇಡಿ.

ಕಿತ್ತರೆ ಗಾಡಿ ಸ್ಟಾರ್ಟ್ ಆಗುತ್ತದಾ? ಎಷ್ಟೋ ಮಾದರಿಗಳಲ್ಲಿ ಆಗುತ್ತದೆ, ಎಲ್ಲದರಲ್ಲೂ ಅಲ್ಲ. ಕಾರಣ ಹೀಗಿದೆ. ಗಾಡಿಯ ಕಂಪ್ಯೂಟರ್‌ಗಳು ಕ್ಯಾನ್ ಅನ್ನುವ, ಹೆಣೆದ ಎರಡು ವೈರಿನ ಮೇಲೆ ಮಾತಾಡುತ್ತವೆ. ಆ ಸಾಲಿನ ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್ ಇರುತ್ತದೆ. ಎರಡೂ ಸೇರಿ ಅಳತೆ 60 ಓಮ್ ಬರಬೇಕು. ಟಿಸಿಯು ಸಾಲಿನ ನಡುವೆ ಒಂದು ಕವಲಿನಲ್ಲಿದ್ದರೆ ಅದನ್ನು ಬಿಡಿಸಿದರೂ ಉಳಿದವರ ಮಾತುಕತೆ ನಿಲ್ಲುವುದಿಲ್ಲ. ತುದಿಯಲ್ಲಿದ್ದು ಆ ರೆಸಿಸ್ಟರ್ ಅದರ ಹೊಟ್ಟೆಯೊಳಗೇ ಇದ್ದರೆ, ಕಿತ್ತ ಮೇಲೆ ಅಳತೆ 120ಕ್ಕೆ ಹೋಗುತ್ತದೆ. ಆಗ ಸಂದೇಶಗಳು ತುದಿಯಲ್ಲಿ ಬಡಿದು ಹಿಂದಕ್ಕೆ ಬರುತ್ತವೆ. ಗಾಡಿ ಒಂದು ದಿನ ಸರಿ, ಒಂದು ದಿನ ಹುಚ್ಚು. ಟಿಸಿಯು ಒಳಗಿನಿಂದಲೇ ಸಾಲು ಮುಂದಕ್ಕೆ ಹೋಗುವ ಜೋಡಣೆ ಇದ್ದರೆ ಅದರಾಚೆಗಿನ ಎಲ್ಲವೂ ಮೌನ. ಇದು ಮಾದರಿಗೊಂದು ಥರ. ನಿಮ್ಮ ಗಾಡಿಯ ವೈರಿಂಗ್ ಚಿತ್ರ ನೋಡದೆ "ಏನೂ ಆಗಲ್ಲ" ಅನ್ನುವವರ ಕೈಗೆ ಗಾಡಿ ಕೊಡಬೇಡಿ.

ಸ್ಟಾರ್ಟ್ ಆದರೂ ಕೆಲವು ಕಳೆದುಕೊಳ್ಳುತ್ತೀರಿ. ಆಪ್ ಕೆಲಸ ಮಾಡುವುದಿಲ್ಲ. ಗಾಳಿಯಲ್ಲಿ ಬರುವ ಅಪ್‌ಡೇಟ್ ನಿಲ್ಲುತ್ತದೆ. ಬ್ಯಾಟರಿ ನಿರ್ವಹಣೆಯ ಸಾಫ್ಟ್‌ವೇರ್ ತಿದ್ದುಪಡಿಯೂ ಕೆಲವು ಗಾಡಿಗಳಲ್ಲಿ ಅದೇ ದಾರಿಯಲ್ಲಿ ಬರುತ್ತದೆ. ಸರ್ವಿಸ್ ಸೆಂಟರಿನಲ್ಲಿ ಕೇಬಲ್ ಹಾಕಿ ಮಾಡಿಸಬೇಕಾಗುತ್ತದೆ, ನೀವೇ ನೆನಪಿಟ್ಟು ಕೇಳಬೇಕು. ಕೆಲವು ಗಾಡಿಗಳಲ್ಲಿ ಹ್ಯಾಂಡ್ಸ್ ಫ್ರೀ ಮೈಕ್ ಈ ಡಬ್ಬಿಯ ಮೂಲಕವೇ ಹೋಗುತ್ತದೆ, ಕಿತ್ತ ಮೇಲೆ ಫೋನಿನಲ್ಲಿ ಆ ಕಡೆಯವರಿಗೆ ನಿಮ್ಮ ದನಿ ಕೇಳಿಸುವುದಿಲ್ಲ. ಕ್ಲಸ್ಟರಿನಲ್ಲಿ ಎಸ್‌ಒಎಸ್ ದೋಷದ ದೀಪ ಸದಾ ಉರಿಯಬಹುದು. ಎಸ್‌ಒಎಸ್ ಅಂದಾಗ ಒಂದು ಮಾತು. ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ತಾನಾಗಿ ಹೋಗುವ ತುರ್ತು ಕರೆ ಕಡ್ಡಾಯ. ನಮ್ಮಲ್ಲಿ ಖಾಸಗಿ ಕಾರಿಗೆ ಆ ಕಡ್ಡಾಯ ಇಲ್ಲ. ಆದರೆ ನೀವು ರಾತ್ರಿ ಹೊತ್ತು ಒಬ್ಬರೇ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಾದರೆ ಆ ಬಟನ್ ಬೇಕಾ ಬೇಡವಾ ಅಂತ ಯೋಚಿಸಿ. ಇದನ್ನು ನಿಮ್ಮ ಪರವಾಗಿ ನಾನು ತೀರ್ಮಾನ ಮಾಡಲಾರೆ.

ಕಾನೂನಿನ ಮಾತು ಚಿಕ್ಕದು. ಖಾಸಗಿ ಕಾರಿನ, ಅಂದರೆ ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ ಇರುವ ಗಾಡಿಯ ಟಿಸಿಯು ತೆಗೆಯಬಾರದು ಅಂತ ಮೋಟಾರು ವಾಹನ ನಿಯಮ ಹೇಳುವುದಿಲ್ಲ. ಹಳದಿ ಅಕ್ಷರದ ಬಾಡಿಗೆ ಗಾಡಿಗಳ ಕಥೆ ಬೇರೆ. ಅವಕ್ಕೆ ಎಐಎಸ್-140 ಅನ್ನುವ ಮಾನದಂಡದ ಪ್ರಕಾರದ ಟ್ರ್ಯಾಕರ್, ಪ್ಯಾನಿಕ್ ಬಟನ್ ಬೇಕು, ಕಿತ್ತರೆ ಫಿಟ್‌ನೆಸ್ ಸಿಗುವುದಿಲ್ಲ. ವಿಮೆಯಲ್ಲಿ ಓಡಿದಷ್ಟಕ್ಕೆ ಕಟ್ಟುವ ಯೋಜನೆ ತೆಗೆದುಕೊಂಡು ಅದಕ್ಕೆ ಗಾಡಿಯ ಮಾಹಿತಿಯನ್ನೇ ಜೋಡಿಸಿದ್ದರೆ ಮೊದಲು ಅವರಿಗೆ ತಿಳಿಸಬೇಕು.

ವಾರಂಟಿ "ಪೂರ್ತಿ ಹೋಗುತ್ತೆ" ಅನ್ನುವುದು ಸಾಮಾನ್ಯವಾಗಿ ಹೆದರಿಸುವ ಮಾತು. ಆದರೆ ವೈರ್ ಕತ್ತರಿಸಿದ ಗಾಡಿಯ ಕ್ಲೇಮ್ ತಳ್ಳಿಹಾಕುವುದಕ್ಕೆ ಕಂಪನಿಗೆ ನಾವೇ ನೆಪ ಕೊಟ್ಟಂತೆ. ದೊಡ್ಡ ಬ್ಯಾಟರಿಗೆ 8 ವರ್ಷ, 1.6 ಲಕ್ಷ ಕಿಲೋಮೀಟರ್ ವಾರಂಟಿ ಇರುವುದು ಸಾಮಾನ್ಯ. 2021ರ ಗಾಡಿಯಲ್ಲಿ ಅದು ಇನ್ನೂ ನಡೆಯುತ್ತಿರುತ್ತದೆ. ಗಾಡಿಯಲ್ಲೇ ಅತಿ ದುಬಾರಿ ಸಾಮಾನು ಅದು. ಅದರ ವಾರಂಟಿ ಪುಸ್ತಕದಲ್ಲಿ ಟೆಲಿಮ್ಯಾಟಿಕ್ಸ್ ಚಾಲೂ ಇರಬೇಕು ಅನ್ನುವ ಷರತ್ತು ಇದೆಯಾ ಅಂತ ಓದಿ. ಈ ಒಂದು ಕಾರಣಕ್ಕೇ ಎಷ್ಟೋ ಜನರಿಗೆ ನಾನು ಬೇಡ ಅಂದಿದ್ದೇನೆ.

ಹಾಗಾದರೆ ಏನು ಮಾಡಬಹುದು? ನನ್ನ ಕೈಯಲ್ಲಿ ಗಾಡಿ ಇದ್ದರೆ ಖಾತೆ ಬಿಡಿಸಿ, ಚಿಕ್ಕ ಬ್ಯಾಟರಿ ಪರೀಕ್ಷೆ ಮಾಡಿಸಿ, ಟಿಸಿಯು ಸಾಫ್ಟ್‌ವೇರ್ ಅಪ್‌ಡೇಟ್ ಕೇಳಿ, ಒಂದು ತಿಂಗಳು ನೋಡುತ್ತೇನೆ. ಮಾಹಿತಿ ಹೋಗುವುದು ಬೇಡವೇ ಬೇಡ ಅಂತಿದ್ದರೆ ಕನೆಕ್ಟೆಡ್ ಸೇವೆ ನಿಲ್ಲಿಸಿ ಅಂತ ಕಂಪನಿಗೆ ಬರೆಯುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯಲ್ಲಿ ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವ ಹಕ್ಕಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ, ಮುಖ್ಯ ಭಾಗಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ಆದರೂ ಈಗಲೇ ಬರೆದು ಕೇಳುವುದರಲ್ಲಿ ತಪ್ಪಿಲ್ಲ. ಫ್ಯೂಸ್ ತೆಗೆದಿಡುವುದು ಇನ್ನೊಂದು ದಾರಿ. ಸುಲಭ, ಬೇಕಾದಾಗ ವಾಪಸ್ ಹಾಕಬಹುದು. ಆದರೆ ಅದೇ ಫ್ಯೂಸಿನ ಮೇಲೆ ಇನ್ನೇನು ನಡೆಯುತ್ತಿದೆ ಅಂತ ಚಿತ್ರದಲ್ಲಿ ನೋಡಬೇಕು, ಕೆಲವು ಸಲ ಕ್ಲಸ್ಟರೂ ಅದರ ಮೇಲೇ ಇರುತ್ತದೆ. ಆಂಟೆನಾ ಮಾತ್ರ ಬಿಡಿಸುವ ಉಪಾಯವನ್ನು ನಾನು ಒಪ್ಪುವುದಿಲ್ಲ. ಆಗ ಮೋಡೆಮ್ ನಿಮ್ಮ ಬೇಸ್‌ಮೆಂಟಿನಲ್ಲಿ ಮಾಡುವುದನ್ನೇ ದಿನವಿಡೀ ಮಾಡುತ್ತದೆ, ಬ್ಯಾಟರಿ ಇನ್ನೂ ಬೇಗ ಖಾಲಿ.

ಇಷ್ಟರ ಮೇಲೂ ಕೀಳಲೇಬೇಕು ಅಂದರೆ, ಒಮ್ಮೆಯಾದರೂ ಡ್ಯಾಶ್‌ಬೋರ್ಡ್ ಬಿಚ್ಚಿದವರ ಜೊತೆ ಕೂತು ಮಾಡಿ. ಚಾರ್ಜಿಂಗ್ ಗನ್ ತೆಗೆದಿರಬೇಕು. ಇದು ಮುಖ್ಯ. ಗನ್ ಹಾಕಿದ್ದರೆ, ಅಥವಾ ಆಪಿನಿಂದ ಯಾರಾದರೂ ಗಾಡಿ ಎಬ್ಬಿಸಿದರೆ, ಚಿಕ್ಕ ಬ್ಯಾಟರಿ ಬಿಚ್ಚಿದ್ದರೂ ದೊಡ್ಡದರಿಂದ ಕನ್ವರ್ಟರ್ ಮೂಲಕ 12 ವೋಲ್ಟ್ ಸಾಲಿಗೆ ಕರೆಂಟ್ ಬರುವ ಸಾಧ್ಯತೆ ಇದೆ. ಗೇರ್ ಪಾರ್ಕಿನಲ್ಲಿ, ಕಿಟಕಿ ಗಾಜು ಸ್ವಲ್ಪ ಇಳಿಸಿ, ಬಾನೆಟ್ ತೆರೆದು, ಡಿಕ್ಕಿಯಲ್ಲಿ ಬೇಕಾದ ಸಾಮಾನು ಮೊದಲೇ ಆಚೆ. 12 ವೋಲ್ಟ್ ಹೋದ ಮೇಲೆ ಎಲೆಕ್ಟ್ರಿಕ್ ಲಾಚ್ ಇರುವ ಡಿಕ್ಕಿ ತೆಗೆಯುವುದಿಲ್ಲ. ಗಾಡಿ ಆಫ್ ಮಾಡಿ ಅರ್ಧ ಗಂಟೆ ಮಲಗಲು ಬಿಡಿ. ನೆಗೆಟಿವ್ ಬಿಚ್ಚಿ, ಬಟ್ಟೆ ಸುತ್ತಿ ಪಕ್ಕಕ್ಕೆ ಇಡಿ. ಆಮೇಲೆ ಮತ್ತೆ ಕಾಯಬೇಕು, ಏರ್‌ಬ್ಯಾಗ್ ಕಂಪ್ಯೂಟರಿನೊಳಗಿನ ಕೆಪಾಸಿಟರ್ ಖಾಲಿಯಾಗಲು. ಎಷ್ಟು ಹೊತ್ತು ಅಂತ ರಿಪೇರಿ ಕೈಪಿಡಿಯಲ್ಲಿರುತ್ತದೆ. ನಾನು ಹತ್ತು ನಿಮಿಷಕ್ಕೆ ಕಡಿಮೆ ಕಾಯುವುದಿಲ್ಲ.

ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆಯಿರಿ. ಕ್ಲಿಪ್ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ ಬಳಸಿ, ಕಬ್ಬಿಣ ಬೇಡ. ಡಬ್ಬಿ ಮುಟ್ಟುವ ಮೊದಲು ಬಾಡಿಯ ಬರೀ ಲೋಹ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಇಳಿಯಲಿ. ಆಂಟೆನಾ ಕನೆಕ್ಟರ್‌ಗಳಿಗೆ ಬಣ್ಣ ಇರುತ್ತದೆ, ಸಾಮಾನ್ಯವಾಗಿ ನೀಲಿ ಜಿಪಿಎಸ್, ಕಡು ಕೆನ್ನೀಲಿ ಮೊಬೈಲ್. ದೊಡ್ಡ ಕನೆಕ್ಟರಿನಲ್ಲಿ ಕೆಂಪೋ ಬಿಳಿಯೋ ಒಂದು ಪುಟ್ಟ ಬೀಗ ಇರುತ್ತದೆ. ಅದನ್ನು ಮೊದಲು ಹಿಂದಕ್ಕೆ ಸರಿಸಿ, ಆಮೇಲೆ ನಾಲಿಗೆ ಒತ್ತಿ, ಕನೆಕ್ಟರಿನ ಮೈ ಹಿಡಿದು ಎಳೆಯಬೇಕು. ವೈರ್ ಹಿಡಿದು ಎಳೆಯಲೇಬಾರದು. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಮನೆಯಲ್ಲೇ ಟಿಸಿಯು ತೆಗೆದು ಬಂದಿದ್ದ. ತೆಗೆದ ಕೆಲಸ ಚೆನ್ನಾಗಿಯೇ ಇತ್ತು. ಆದರೆ ದಾರಿ ಮಾಡಿಕೊಳ್ಳಲು ಪಕ್ಕದ ಒಂದು ಕನೆಕ್ಟರ್ ಬಿಡಿಸಿ ಮತ್ತೆ ಹಾಕಿದ್ದ, ಆ ಪುಟ್ಟ ಬೀಗ ಮುರಿದಿತ್ತು. ರಸ್ತೆಗುಂಡಿ ಸಿಕ್ಕಾಗಲೆಲ್ಲ ಮೀಟರ್ ಕಪ್ಪಾಗುತ್ತಿತ್ತು. ನನಗೆ ಎರಡು ದಿನ ಹಿಡಿಯಿತು. ಕನ್ನಡಿ ಹಿಡಿದು ನೋಡಿದರೆ ಒಂದು ಪಿನ್ ಕೂದಲೆಳೆಯಷ್ಟು ಹಿಂದೆ ಸರಿದಿತ್ತು.

ಕನೆಕ್ಟರ್ ಬಿಡಿಸಿದ ಮೇಲೆ ಬಾಯಿಗೆ ಟೇಪ್ ಸುತ್ತಿ, ಅಲ್ಲಾಡದಂತೆ ಕಟ್ಟಿ. ವೈರ್ ಕತ್ತರಿಸುವುದು ಬೇಡವೇ ಬೇಡ. ಡಬ್ಬಿಯ ಮೇಲೆ ಗಾಡಿ ನಂಬರ್ ಬರೆದು ಮನೆಯಲ್ಲಿ ಒಣ ಜಾಗದಲ್ಲಿ ಇಡಿ. ಗುಜರಿಗೆ ಹಾಕಬೇಡಿ, ಒಳಗೆ ಬ್ಯಾಟರಿಯೂ ಇರಬಹುದು, ನಿಮ್ಮ ಓಡಾಟದ ಕುರುಹೂ ಇರಬಹುದು. ಆ ಡಬ್ಬಿ ನಿಮ್ಮ ವಿಐಎನ್‌ಗೆ ಕಟ್ಟಿರುವುದರಿಂದ ನಾಳೆ ಬೇಕು ಅನಿಸಿದರೆ ಬೇರೆ ಗಾಡಿಯದನ್ನು ತಂದು ಸುಮ್ನೆ ಸಿಕ್ಕಿಸಲು ಬರುವುದಿಲ್ಲ. ಗಾಡಿ ಮಾರುವಾಗಲೂ ಅದನ್ನು ವಾಪಸ್ ಹಾಕಿ ಕೊಡಿ, ಇಲ್ಲವೇ ತೆಗೆದಿದ್ದೇನೆ ಅಂತ ಹೇಳಿ ಕೊಡಿ.

ಖಾತೆ ಬಿಡಿಸಿದ ಮೇಲೆ ಒಂದು ರಾತ್ರಿ ಬೇಸ್‌ಮೆಂಟಿನಲ್ಲಿ, ಒಂದು ರಾತ್ರಿ ಬಯಲಲ್ಲಿ ನಿಲ್ಲಿಸಿ, ಎರಡೂ ಕಡೆ ಮಿಲಿ ಆಂಪ್ ಎಷ್ಟು ಬಂತು ಅಂತ ನನಗೆ ಬರೆಯಿರಿ. ಬೇಸ್‌ಮೆಂಟಿನಲ್ಲಿ 300, ಬಯಲಲ್ಲಿ 40 ಅಂತ ಬಂದರೆ ಗ್ಯಾರೇಜಿನವರ ಮಾತು ಸರಿ, ಆಗ ವೈರಿಂಗ್ ಚಿತ್ರ ಇಟ್ಟುಕೊಂಡು ಮುಂದಿನದು ಮಾತಾಡೋಣ. ಎರಡೂ ಕಡೆ ಒಂದೇ ಥರ ಜಾಸ್ತಿ ಬಂದರೆ ಸ್ಟೀರಿಂಗ್ ಕೆಳಗಿನ ಕವರ್ ತೆಗೆಸಿ, ಟಾರ್ಚ್ ಬಿಟ್ಟು ನೋಡಿ.